ಸಾಮಾನ್ಯ ಬಿ.ಎಡ್ಡೋ, ವಿಶೇಷ ಶಿಕ್ಷಣದ ಬಿ.ಎಡ್ಡೋ?

ಮಂಡ್ಯದ ಓದುಗರೊಬ್ಬರು ಕೇಳಿದ್ದಾರೆ: ಎಲ್ಲ ಥರದ ಮಕ್ಕಳಿಗೂ ಪಾಠ ಮಾಡೋ ಆಸೆ, ಯಾವುದಕ್ಕೆ ಸೇರಲಿ?

ಮೊದಲು ಕೆಲಸದ ಮಾತು. ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನದಂಥ ವಿಷಯ ಕಲಿಸಬೇಕು ಅಂದರೆ ಸಾಮಾನ್ಯ ಬಿ.ಎಡ್ ಸಲೀಸು, ಕಾಲೇಜುಗಳೂ ಜಾಸ್ತಿ. ವಿಶೇಷ ಬಿ.ಎಡ್ ಅಂದರೆ ಅಂಗವೈಕಲ್ಯ ಇರುವ ಮಕ್ಕಳಿಗೆ ಕಲಿಸುವ ತರಬೇತಿ; ಅದನ್ನು ಮಾಡಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಣಿ ಮಾಡಿಸಬೇಕು.

ತರಬೇತಿಯಲ್ಲೇ ನಿಜವಾದ ವ್ಯತ್ಯಾಸ ಇರೋದು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷದ ವಿಶೇಷ ಬಿ.ಎಡ್ ಇದೆ. ಅಂಥ ಕೋರ್ಸಿನಲ್ಲಿ ಕೈಗೆ ಹತ್ತುವ ಅಭ್ಯಾಸಗಳೇ ಬೇರೆ: ಪಾಠಕ್ಕೆ ಮುಂಚೆ ಮಗುವಿನ ಶ್ರವಣಯಂತ್ರದ ಬ್ಯಾಟರಿ ನೋಡುವುದು, ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡದಿರುವುದು. ತುಟಿ ನೋಡಿ ಅರ್ಥ ಮಾಡಿಕೊಳ್ಳುವ ಮಗುವಿಗೆ ನಮ್ಮ ಬೆನ್ನು ಕಂಡರೆ ಪಾಠವೇ ತಪ್ಪಿಹೋಗುತ್ತದೆ, ಅಲ್ವಾ? ಸಾಮಾನ್ಯ ಬಿ.ಎಡ್‌ನಲ್ಲಿ ಇದೆಲ್ಲ ಒಂದು ಪತ್ರಿಕೆಯಷ್ಟೇ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆ ಹೇಳುತ್ತದೆ. ವಿಶೇಷ ಬಿ.ಎಡ್ ಆಳಕ್ಕೆ ಇಳಿಯುವುದು ಹೆಚ್ಚಾಗಿ ಒಂದರಲ್ಲಿ.

ಭಾಷೆಯ ವಿಷಯದಲ್ಲಿ ಎರಡೂ ಸಾಲದು. ಎಚ್.ಡಿ. ಕೋಟೆಯ ಜೇನುಕುರುಬರ ಮಗು, ಮನೆಯಲ್ಲಿ ಉರ್ದು ಆಡುವ ಮಗು ನಿಮ್ಮ ತರಗತಿಗೆ ಬಂದಾಗ ಆ ಮನೆಮಾತಿನ ನಾಲ್ಕು ಪದವಾದರೂ ನಿಮಗೆ ಗೊತ್ತಿರಬೇಕು. ಅದನ್ನು ಮಕ್ಕಳಿಂದ, ತಾಯಂದಿರಿಂದಲೇ ಕಲಿಯಬೇಕು.

ಒಂದು ವಿಷಯದ ಮೇಲೆ ಪ್ರೀತಿ ಇದ್ದು, ಊರ ಶಾಲೆಯಲ್ಲೇ ಇರಬೇಕು ಅಂದರೆ ಸಾಮಾನ್ಯ ಬಿ.ಎಡ್. ಒಂದೊಂದೇ ಮಗುವಿನ ಜೊತೆ ತಾಳ್ಮೆಯಿಂದ ಕೂರಲು ಮನಸ್ಸಿದ್ದರೆ ವಿಶೇಷ. ಅರ್ಜಿ ಹಾಕುವ ಮುಂಚೆ ವಿಶೇಷ ಶಾಲೆಯೊಂದರಲ್ಲಿ ಅನುಮತಿ ಪಡೆದು ಒಂದು ದಿನ ಕೂತು ನೋಡಿ.