ಬೂಸ್ಟ್ ಮೀಟರ್ ಹಾಕಿಸುವವರೇ, ಆ 5 ವೋಲ್ಟ್ ಎಲ್ಲಿಂದ ತೆಗೆಯುತ್ತಾರೆ ಅಂತ ಮೊದಲು ಕೇಳಿ

ನಾನು ಉಡುಪಿಯವನು. ನನ್ನದು ಹಳೆಯ 1.3 ಲೀಟರ್ ಟರ್ಬೊ ಡೀಸೆಲ್ ಕಾರು. ಎಂಟು ವರ್ಷದಲ್ಲಿ ಒಮ್ಮೆಯೂ ದಾರಿಯಲ್ಲಿ ಕೈಕೊಟ್ಟಿರಲಿಲ್ಲ. ಕೊನೆಗೆ ಕೈಕೊಡುವ ಹಾಗೆ ಮಾಡಿದ್ದು ನಾನೇ. ಅದೂ ದುಡ್ಡು ಕೊಟ್ಟು.

ಇಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಟರ್ಬೊ ಎಷ್ಟು ಒತ್ತಡ ಕೊಡುತ್ತಿದೆ ಅಂತ ಮುಳ್ಳಿನಲ್ಲಿ ನೋಡಬೇಕು ಅನ್ನುವ ಹುಚ್ಚು ಹಿಡಿದಿತ್ತು. ಆನ್‌ಲೈನಿನಲ್ಲಿ 4,800 ರೂಪಾಯಿಗೆ ಎಲೆಕ್ಟ್ರಾನಿಕ್ ಬೂಸ್ಟ್ ಮೀಟರ್ ತರಿಸಿದೆ. ಡಬ್ಬದಲ್ಲಿ ಮೀಟರ್, ಮೂರು ವೈರಿನ ಒಂದು ಸೆನ್ಸರ್, ಗೇಣುದ್ದದ ರಬ್ಬರ್ ಪೈಪ್, ಪೈಪನ್ನು ಕವಲು ಮಾಡುವ ಒಂದು ಪ್ಲಾಸ್ಟಿಕ್ ಟಿ. ಮಂಗಳೂರಿನ ಒಂದು ಅಕ್ಸೆಸರಿ ಅಂಗಡಿಗೆ ಹೋದೆ. ಹೆಸರು ಬೇಡ. ಅಲ್ಲಿನ ಹುಡುಗ ಮುಕ್ಕಾಲು ಗಂಟೆಯಲ್ಲಿ ಮುಗಿಸಿ 600 ರೂಪಾಯಿ ತೆಗೆದುಕೊಂಡ. ನಾನು ಪಕ್ಕದ ಅಂಗಡಿಯಲ್ಲಿ ಗೋಳಿಬಜೆ ತಿನ್ನುತ್ತಿದ್ದೆ. ಬಾನೆಟ್ ಪಕ್ಕ ನಿಲ್ಲಬೇಕಿತ್ತು.

ಅವನು ಮಾಡಿದ್ದು ಇಷ್ಟು. ಮೀಟರಿನ ಸೆನ್ಸರಿಗೆ 5 ವೋಲ್ಟ್ ಬೇಕು. ಕಿಟ್‌ನಲ್ಲಿ ಆ 5 ವೋಲ್ಟ್ ಮೀಟರಿನಿಂದಲೇ ಬರುತ್ತದೆ, ಅದಕ್ಕೆಂದೇ ಉದ್ದದ ವೈರ್ ಕೊಟ್ಟಿರುತ್ತಾರೆ. ಆ ವೈರನ್ನು ಇಂಜಿನ್ ಕಡೆಯಿಂದ ಡ್ಯಾಶ್‌ಬೋರ್ಡಿಗೆ ಎಳೆಯುವುದು ಕಿರಿಕಿರಿಯ ಕೆಲಸ. ಹಾಗಾಗಿ ಒತ್ತಡದ ಲೆಕ್ಕ ಮೀಟರಿಗೆ ಒಯ್ಯುವ ಸಿಗ್ನಲ್ ವೈರ್ ಒಂದನ್ನು ಮಾತ್ರ ಒಳಗೆ ಎಳೆದು, 5 ವೋಲ್ಟನ್ನು ಕಾರಿನದೇ ಬೂಸ್ಟ್ ಸೆನ್ಸರಿನ ವೈರಿನಿಂದ ಎತ್ತಿದ್ದ. ಅದೂ ಮೇಲಿಂದ ಒತ್ತಿ ಕೂರಿಸುವ ನೀಲಿ ಪ್ಲಾಸ್ಟಿಕ್ ಕ್ಲಿಪ್ ಹಾಕಿ. ಅರ್ತ್ ಅನ್ನು ಇಂಜಿನ್ನಿನ ಒಂದು ಬೋಲ್ಟಿಗೆ ಕಟ್ಟಿದ್ದ.

ಮೊದಲ ದಿನವೇ ಅನುಮಾನ ಬರಬೇಕಿತ್ತು. ಕೀ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡದೆ ಇದ್ದರೆ ಮುಳ್ಳು ಸೊನ್ನೆಯಲ್ಲಿ ನಿಲ್ಲಬೇಕು. ನನ್ನದು ನಿಲ್ಲುತ್ತಿರಲಿಲ್ಲ. ಹೆಡ್‌ಲೈಟ್ ಹಾಕಿದರೆ ಅಲ್ಲಾಡುತ್ತಿತ್ತು, ಎಸಿ ಫ್ಯಾನ್ ತಿರುಗಿದರೂ ಅಲ್ಲಾಡುತ್ತಿತ್ತು. ಲೈಟಿಗೂ ಟರ್ಬೊಗೂ ಎಂತ ಸಂಬಂಧ, ಅಲ್ವಾ? ಫೋನ್ ಮಾಡಿ ಕೇಳಿದರೆ, “ಅದು ಹಾಗೇ ಸರ್, ಸ್ವಲ್ಪ ದಿನದಲ್ಲಿ ಸೆಟ್ ಆಗ್ತದೆ” ಅಂದ. ನಾನೂ ನಂಬಿದೆ.

ಜುಲೈನಲ್ಲಿ ಅಮ್ಮನನ್ನು ಶೃಂಗೇರಿಗೆ ಕರೆದುಕೊಂಡು ಹೊರಟೆವು. ಹೆಬ್ರಿ ದಾಟಿ ಸೋಮೇಶ್ವರದವರೆಗೆ ಏನೂ ಇಲ್ಲ. ಆಗುಂಬೆ ಘಾಟಿ ಶುರುವಾಯಿತು. ಮಳೆ ಅಂದರೆ ಮಳೆ, ವೈಪರ್ ಸಾಲುತ್ತಿಲ್ಲ. ನಾಲ್ಕನೆಯ ತಿರುವಿನಲ್ಲಿ ಇಂಜಿನ್ ಲೈಟ್ ಹತ್ತಿತು. ಅದೇ ಕ್ಷಣ ಪಿಕಪ್ ಹೋಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಎಳೆಯುತ್ತಿಲ್ಲ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದೆ, ಮುಂದೆ ಮಂಜು. “ಎಂತ ಮಗಾ, ಹತ್ತುದಿಲ್ವಾ?” ಅಂತ ಅಮ್ಮ. ಆಫ್ ಮಾಡಿ ಆನ್ ಮಾಡಿದೆ, ಸರಿಯಾಯಿತು. ಮುಂದಿನ ತಿರುವಿನಲ್ಲಿ ಮತ್ತೆ ಅದೇ ಕಥೆ. ಅಗಲ ಇದ್ದ ಜಾಗ ನೋಡಿ ತಿರುಗಿಸಿ, ಫಸ್ಟ್ ಗೇರಿನಲ್ಲಿ ಕೆಳಗೆ ಇಳಿಸಿದೆ. ಶೃಂಗೇರಿ ಅಲ್ಲಿಗೇ ಮುಗಿಯಿತು.

ಉಡುಪಿಯಲ್ಲಿ ಒಂದು ಗ್ಯಾರೇಜಿನವರು ಸ್ಕ್ಯಾನರ್ ಹಾಕಿದರು. ಎರಡು ಕೋಡ್ ಬಂತು: ಪಿ0237 ಮತ್ತು ಪಿ0642. ಮೊದಲನೆಯದು ಬೂಸ್ಟ್ ಸೆನ್ಸರಿನ ಸಿಗ್ನಲ್ ಕಡಿಮೆ ಅನ್ನುವುದು. ಅದನ್ನು ಮಾತ್ರ ನೋಡಿ “ಟರ್ಬೊ ಹೋಗಿದೆ” ಅಂದರು. 38,000 ರೂಪಾಯಿ ಆಗುತ್ತದಂತೆ. ಸಂಜೆಯೊಳಗೆ ಹೇಳುತ್ತೇನೆ ಅಂದೆ. ನಿಜ ಹೇಳಬೇಕೆಂದರೆ, ದುಡ್ಡು ಹೊಂದಿಸುವುದು ಹೇಗೆ ಅಂತ ಯೋಚಿಸುತ್ತಿದ್ದೆ.

ಭಾವ ತಡೆದರು. ಕಟಪಾಡಿ ಹತ್ತಿರ ವೈರಿಂಗ್ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ, ಒಮ್ಮೆ ತೋರಿಸು ಅಂದರು. ಅವರು ಎರಡನೆಯ ಕೋಡನ್ನು ಮೊದಲು ಓದಿದರು. ಸೆನ್ಸರ್‌ಗಳಿಗೆ ಕಾರಿನ ಕಂಪ್ಯೂಟರ್ ಕಳಿಸುವ 5 ವೋಲ್ಟ್ ಕುಸಿದಿದೆ ಅನ್ನುವುದೇ ಆ ಪಿ0642. ಮಲ್ಟಿಮೀಟರ್ ಹಿಡಿದು, ನನ್ನ ಹೊಸ ವೈರನ್ನು ಕೈಯಲ್ಲಿ ಅಲ್ಲಾಡಿಸಿದರು. 5 ಇದ್ದದ್ದು ಸೊನ್ನೆಗೆ ಬಂತು. ಬಿಟ್ಟರೆ ಮತ್ತೆ 5.

“ಟರ್ಬೊಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ. ಇದು ಯಾರು ಮಾಡಿದ್ದು?”

ಬ್ಯಾಟರಿ ಸ್ಟ್ಯಾಂಡಿನ ಚೂಪು ಅಂಚಿಗೆ ವೈರ್ ಉಜ್ಜಿ ಉಜ್ಜಿ ತಾಮ್ರ ಕಾಣುತ್ತಿತ್ತು. ಘಾಟಿಯಲ್ಲಿ ಎಳೆಯುವಾಗ ಇಂಜಿನ್ ಮೌಂಟಿಂಗ್ ಮೇಲೆ ಸ್ವಲ್ಪ ವಾಲುತ್ತದೆ. ಆಗ ಆ ತಾಮ್ರ ಬಾಡಿಗೆ ತಾಗುತ್ತಿತ್ತು. ಸಮತಟ್ಟು ರಸ್ತೆಯಲ್ಲಿ ತಾಗುತ್ತಿರಲಿಲ್ಲ. ಅದಕ್ಕೇ ಸೋಮೇಶ್ವರದವರೆಗೆ ಸುಮ್ನೆ ಇದ್ದದ್ದು.

ಇಲ್ಲಿ ತಿಳಿಯಬೇಕಾದ್ದು ಒಂದಿದೆ. ಕಾರಿನ ಆ 5 ವೋಲ್ಟ್ ಮನೆಯ ಪ್ಲಗ್ ಪಾಯಿಂಟಿನ ಹಾಗಲ್ಲ. ಸಾಮಾನ್ಯವಾಗಿ ಒಂದೇ ಲೈನನ್ನು ಎರಡು ಮೂರು ಸೆನ್ಸರ್‌ಗಳು ಹಂಚಿಕೊಂಡಿರುತ್ತವೆ. ಒಂದು ಕಡೆ ಶಾರ್ಟ್ ಆದರೆ ಎಲ್ಲದರ ಲೆಕ್ಕವೂ ತಪ್ಪುತ್ತದೆ. ಕಂಪ್ಯೂಟರಿಗೆ ಯಾವುದನ್ನೂ ನಂಬಲಾಗುವುದಿಲ್ಲ. ಇಂಜಿನ್ ಉಳಿಸಲು ಪವರ್ ಕತ್ತರಿಸುತ್ತದೆ. ಲಿಂಪ್ ಮೋಡ್ ಅನ್ನುವುದು ಇದನ್ನೇ.

ನೀಲಿ ಕ್ಲಿಪ್ ತೆಗೆದಾಗ ಒಳಗೆ ಹಸಿರು ಪಾಚಿಯ ಹಾಗೆ ಕಿಲುಬು. ಆ ಕ್ಲಿಪ್ ವೈರಿನ ಸಿಪ್ಪೆ ಸೀಳಿ ಕೂರುತ್ತದೆ, ಸಪೂರ ವೈರ್ ಆದರೆ ಒಂದೆರಡು ಎಳೆಯೂ ತುಂಡಾಗುತ್ತದೆ. ನಮ್ಮ ಕಡಲ ಬದಿಯ ಉಪ್ಪು ಗಾಳಿ, ಮೇಲೆ ಮಳೆಗಾಲ. ಎರಡೇ ತಿಂಗಳು ಸಾಕಾಯಿತು.

ಇನ್ನೊಂದು ವಿಷಯ ಕೇಳಿ ಬೆವರಿದೆ. ಒತ್ತಡ ತೆಗೆಯುವ ಪ್ಲಾಸ್ಟಿಕ್ ಟಿಯನ್ನು ಹುಡುಗ ವೇಸ್ಟ್‌ಗೇಟಿನ ಪೈಪಿನಲ್ಲಿ ಕೂರಿಸಿದ್ದ, ಕ್ಲಾಂಪ್ ಇಲ್ಲದೆ. ಟರ್ಬೊದ ಒತ್ತಡ ಮಿತಿ ಮೀರದಂತೆ ಇಂಜಿನ್ನಿನ ಹೊಗೆಯನ್ನು ಬೇರೆ ದಾರಿಗೆ ಬಿಡುವ ಬಾಗಿಲೇ ವೇಸ್ಟ್‌ಗೇಟ್, ಅದು ತೆರೆಯುವುದು ಆ ಪೈಪಿನ ಗಾಳಿಯಿಂದಲೇ. ಟಿ ಕಳಚಿಕೊಂಡಿದ್ದರೆ ಗೇಟ್ ತೆರೆಯುತ್ತಲೇ ಇರಲಿಲ್ಲ. ಆಗ 38,000ದ ಬಿಲ್ಲು ನಿಜವೇ ಆಗುತ್ತಿತ್ತೋ ಏನೋ.

ಹಿರಿಯರು ಎಲ್ಲ ಬಿಚ್ಚಿ ಹೊಸದಾಗಿ ಮಾಡಿದರು. ಕಾರಿನ ವೈರನ್ನು ಸೋಲ್ಡರ್ ಮಾಡಿ ಸ್ಲೀವ್ ಹಾಕಿ ಮೊದಲಿನಂತೆ ಮುಚ್ಚಿದರು. ಸೆನ್ಸರಿನ ಮೂರೂ ವೈರ್ ನೇರ ಮೀಟರಿಗೆ, ಅರ್ತ್ ಕೂಡ. ಇಂಜಿನ್ ಬೋಲ್ಟಿಗೆ ಅಲ್ಲ, ಯಾಕೆಂದರೆ ಅಲ್ಲಿ ಆಲ್ಟರ್ನೇಟರಿನ ಕರೆಂಟೂ ಓಡಾಡುತ್ತದೆ, ರೀಡಿಂಗ್ ಕೆಡುತ್ತದೆ. ನನ್ನ ಮುಳ್ಳು ಕುಣಿಯುತ್ತಿದ್ದದ್ದು ಅದಕ್ಕೇ. ಮೀಟರಿಗೆ 12 ವೋಲ್ಟ್ ಫ್ಯೂಸ್ ಬಾಕ್ಸಿನಿಂದ, ಅದಕ್ಕೆ ಬೇರೆಯೇ ಸಣ್ಣ ಫ್ಯೂಸ್. ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ನೇರ ಎಳೆಯಲು ಬಿಡಲೇಬೇಡಿ, ಅದು ಬೆಂಕಿಯ ವಿಷಯ. ವೈರ್ ತಗಡು ದಾಟುವಲ್ಲಿ ಉಜ್ಜದ ಹಾಗೆ ರಬ್ಬರ್ ಬುಷ್. ಒತ್ತಡ ತೆಗೆಯಲು ಬೇರೆ ಜಾಗ. ಮಧ್ಯಾಹ್ನದ ಊಟ ಬಿಟ್ಟು ಮೂರು ಗಂಟೆ ಕೆಲಸ. 1,200 ರೂಪಾಯಿ ಕೇಳಿದರು, ನಾನು 1,500 ಕೊಟ್ಟೆ.

ಅಂಗಡಿಗೂ ಹೋಗಿ ಬಂದೆ. “ಇಲ್ಲಿಂದ ಹೋಗುವಾಗ ಸರಿ ಇತ್ತಲ್ಲ ಸರ್” ಅಂದರು. ನನ್ನ ಹತ್ತಿರ ಬಿಲ್ಲೂ ಇರಲಿಲ್ಲ.

ಈಗಾಗಲೇ ಹಾಕಿಸಿಕೊಂಡವರು ಇವತ್ತು ಸಂಜೆ ಇಷ್ಟು ಮಾಡಿ. ಕೀ ಆನ್ ಮಾಡಿ, ಇಂಜಿನ್ ಬೇಡ. ಮುಳ್ಳು ಸೊನ್ನೆಯಲ್ಲಿದೆಯಾ ನೋಡಿ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಹೆಡ್‌ಲೈಟ್ ಹಾಕಿ. ಮುಳ್ಳು ಅಲ್ಲಾಡಿದರೆ ಅರ್ತ್ ಸರಿ ಇಲ್ಲ ಅಂತಲೇ ಲೆಕ್ಕ. ಆಫ್ ಮಾಡಿ, ಬಾನೆಟ್ ಎತ್ತಿ, ಕಾರಿನ ಸೆನ್ಸರ್‌ಗಳ ಹತ್ತಿರ ನೀಲಿ ಕ್ಲಿಪ್ ಏನಾದರೂ ಕಾಣುತ್ತದಾ ಹುಡುಕಿ. ಕಂಡರೆ ಘಾಟಿ ಹತ್ತುವ ಮೊದಲೇ ಬಿಚ್ಚಿಸಿ.