ನಾಲ್ಕು ಕಾರ್ಡು, ಒಂದೇ ಕುಟುಂಬ: ಆಸ್ಪತ್ರೆಯಲ್ಲಿ ಯಾವುದು ಎಲ್ಲಿಯವರೆಗೆ ಬಂತು?

ನಮ್ಮ ನೆಂಟರಿಷ್ಟರನ್ನೆಲ್ಲ ಒಟ್ಟು ಹಾಕಿದರೆ ಆರೋಗ್ಯದ ಕಾರ್ಡು ನಾಲ್ಕು ಬಗೆ. ಮಂಡ್ಯ ಕಡೆಯ ಹಳ್ಳಿಯಲ್ಲಿರುವ ಅಪ್ಪ-ಅಮ್ಮನಿಗೆ ಹಾಲಿನ ಡೈರಿ ಮೂಲಕ ಯಶಸ್ವಿನಿ, ಅಂದರೆ ಸಹಕಾರ ಸಂಘದ ಸದಸ್ಯರಿಗಿರುವ ಆರೋಗ್ಯ ಸ್ಕೀಮು. ಅದೇ ಊರಿನ ಚಿಕ್ಕಮ್ಮನಿಗೆ ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಪೀಣ್ಯದಲ್ಲಿ ಸಿಎನ್‌ಸಿ ಮಷೀನ್ ನಡೆಸುವ ಭಾಮೈದನಿಗೆ ಇಎಸ್‌ಐ, ಅಂದರೆ ಸಂಬಳದಿಂದ ಕಂತು ಹಿಡಿಯುವ ನೌಕರರ ವಿಮೆ. ಅವನ ಜೊತೆಗಿರುವ ನಮ್ಮ ಅತ್ತೆಗೂ ಅದೇ. ಬೆಂಗಳೂರಿನಲ್ಲಿರುವ ನನಗೂ ನನ್ನ ಹೆಂಡತಿಗೂ ಕೈಯಿಂದ ದುಡ್ಡು ಕಟ್ಟಿ ತಗೊಂಡ ಖಾಸಗಿ ಪಾಲಿಸಿ. ಈಚಿನ ವರ್ಷಗಳಲ್ಲಿ ನಾಲ್ಕೂ ಆಸ್ಪತ್ರೆಯ ಕೌಂಟರ್ ಕಂಡಿವೆ. ಹೆಚ್ಚಿನ ಸಲ ಫೈಲು ಹಿಡಿದು ನಿಂತವನು ನಾನೇ.

ಹಬ್ಬಕ್ಕೆ ಊರಲ್ಲಿ ಸೇರಿದಾಗ ಇದೇ ಜಗಳ. 'ಎಲ್ಲರಿಗೂ ದೊಡ್ಡ ಮೊತ್ತದ ಕಾರ್ಡು ಕೊಟ್ಟುಬಿಡಲಿ, ಬೇಕಾದ ಆಸ್ಪತ್ರೆಗೆ ನಾವೇ ಹೋಗ್ತೀವಿ' ಅಂತ ಒಂದು ಗುಂಪು. 'ಮೊದಲು ತಾಲ್ಲೂಕು ಆಸ್ಪತ್ರೆ ನೆಟ್ಟಗೆ ಮಾಡಲಿ' ಅಂತ ಇನ್ನೊಂದು. ಈ ಬಿಲ್ಲುಗಳನ್ನೆಲ್ಲ ನೋಡಿದ ಮೇಲೆ ನಾನು ಎರಡನೇ ಗುಂಪಿನ ಕಡೆ ವಾಲಿದ್ದೇನೆ.

ಸೇರಿಕೊಳ್ಳುವ ವಿಷಯದಲ್ಲಿ ಯಶಸ್ವಿನಿಗೆ ಸಾಟಿ ಇಲ್ಲ. ಡಾ. ದೇವಿ ಶೆಟ್ಟಿಯವರ ಯೋಚನೆ, ಸಹಕಾರ ಇಲಾಖೆಯ ಜಾಲ, ಎರಡೂ ಕೂಡಿ 2003ರಲ್ಲಿ ಜಾರಿಗೆ ಬಂದಾಗ ತಲೆಗೆ ವರ್ಷಕ್ಕೆ 60 ರೂಪಾಯಿ ಇತ್ತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ನಿಲ್ಲಿಸಿದರು. 2022ರ ಬಜೆಟ್‌ನಲ್ಲಿ ಮತ್ತೆ ತಂದರು. ಹೊಸ ರೂಪದಲ್ಲಿ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪೇಟೆಯವರಿಗೆ 1,000. ಚಿಕಿತ್ಸೆ 5 ಲಕ್ಷದವರೆಗೆ. ಅಪ್ಪನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಬಿಪಿ ಬೇರೆ. ಡೈರಿ ಸೆಕ್ರೆಟರಿ ಅದನ್ನು ಕೇಳಲೇ ಇಲ್ಲ. ದುಡ್ಡು ಕಟ್ಟಿಸಿಕೊಂಡು ಹೆಸರು ಬರೆದುಕೊಂಡರು, ಮುಗೀತು.

ಅಪ್ಪನಿಗೆ ಆಯುಷ್ಮಾನ್ ಯಾಕೆ ಸಾಲದು ಅಂದರೆ, ಅವರದು ಎಪಿಎಲ್ ಕಾರ್ಡು. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದಲ್ಲಿ (ಚಿಕಿತ್ಸೆಗೆ ಸ್ಕೀಮು ಗೊತ್ತುಮಾಡಿದ ದರ) 30 ಪರ್ಸೆಂಟ್ ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ಮೀರುವ ಹಾಗಿಲ್ಲ. ಎರಡು ಎಕರೆ ಗದ್ದೆ, ಮೂರು ಹಸು ಇರುವವರಿಗೆ ಉಳಿದ 70 ಪರ್ಸೆಂಟ್ ಸಣ್ಣ ಮಾತೇನಲ್ಲ.

ಅಪ್ಪನಿಗೂ ಖಾಸಗಿ ಪಾಲಿಸಿ ಮಾಡಿಸೋಣ ಅಂತ ಒಮ್ಮೆ ವಿಚಾರಿಸಿದ್ದೆ. ಕೇಳಿದ ಪ್ರೀಮಿಯಂ ವರ್ಷಕ್ಕೆ ಅರ್ಧ ಲಕ್ಷದ ಹತ್ತಿರ ಬಂತು. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷ ಕಾಯಬೇಕು. ವಿಮೆ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಈ ಕಾಯುವ ಅವಧಿಯ ಗರಿಷ್ಠ ಮಿತಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. 65 ದಾಟಿದವರಿಗೆ ಹೊಸ ಪಾಲಿಸಿ ಕೊಡಲ್ಲ ಅನ್ನುವ ಮಿತಿಯೂ ಹೋಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿದ್ದ 18 ಪರ್ಸೆಂಟ್ ಜಿಎಸ್‌ಟಿಯೂ ಇಲ್ಲ. ಒಳ್ಳೆಯದೇ. ಆದರೆ ಹರ್ನಿಯಾ, ಕಣ್ಣಿನ ಪೊರೆ, ಪಿತ್ತಕೋಶದ ಕಲ್ಲು ಇಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷದ ಕಾಯುವಿಕೆ ಬೇರೆ ಇರುತ್ತದೆ. ವಯಸ್ಸಾದವರಿಗೆ ಬರುವುದೇ ಅವು, ಅಲ್ವಾ?

ಅಪ್ಪನಿಗೆ ಬಂದದ್ದೂ ಹರ್ನಿಯಾನೇ. ಯಶಸ್ವಿನಿ ಪಟ್ಟಿಯಲ್ಲಿದ್ದ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಜನರಲ್ ವಾರ್ಡ್. ಮುಂಚೆ ಹೊರಗಡೆ ಮಾಡಿಸಿದ್ದ ಸ್ಕ್ಯಾನಿಂಗಿಗೆ ಮತ್ತು ಮನೆಗೆ ಬಂದ ಮೇಲಿನ ಮಾತ್ರೆಗೆ ನಾವು ಕೊಟ್ಟೆವು, ಅಷ್ಟೇ. ಒಂದು ಕಿರಿಕಿರಿ ಆಯಿತು. ಹಿಂದಿನ ದಿನ ಒಬ್ಬರು ಬಂದು, 'ಇನ್ನೂ ಒಳ್ಳೆ ಕ್ವಾಲಿಟಿ ಮೆಶ್ ಇದೆ, ಅದರ ದುಡ್ಡು ನೀವು ಕಟ್ಟಬೇಕಾಗುತ್ತೆ' ಅಂದರು. ಮೆಶ್ ಅಂದರೆ ಹರ್ನಿಯಾ ಜಾಗಕ್ಕೆ ಒಳಗೆ ಹಾಕುವ ಬಲೆ. 'ಸ್ಕೀಮಿನ ಮೆಶ್ ಯಾಕೆ ಆಗಲ್ಲ ಅಂತ ಬರೆದುಕೊಡಿ ಸಾರ್' ಅಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಸ್ಕೀಮಿನಲ್ಲಿ ಹೋಗುವವರು ಈ ವಾಕ್ಯ ನೆನಪಿಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತದೆ.

ಚಿಕ್ಕಮ್ಮನ ಕತೆ ಬೇರೆ. ಗರ್ಭಕೋಶ ತೆಗೆಯಬೇಕಿತ್ತು. 5 ಲಕ್ಷದ ಕಾರ್ಡು ಇದೆ, ಮೈಸೂರಿನ ದೊಡ್ಡ ಆಸ್ಪತ್ರೆಗೇ ಹೋಗೋಣ ಅಂತ ಅವರ ಮಗ ಹೊರಟ. ಆ ಕಾರ್ಡಿನಲ್ಲಿ ಹಾಗೆ ಹೋಗಲು ಆಗುವುದಿಲ್ಲ. ಎಮರ್ಜೆನ್ಸಿ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದೇ ಇದ್ದರೆ ಮಾತ್ರ ರೆಫರಲ್ ಚೀಟಿ. 'ಇದು ಇಲ್ಲೇ ಆಗುತ್ತೆ, ಚೀಟಿ ಯಾಕೆ?' ಅಂದರು ತಾಲ್ಲೂಕು ಆಸ್ಪತ್ರೆಯಲ್ಲಿ. ಆಗುವುದೇನೋ ಹೌದು. ಆದರೆ ಅರಿವಳಿಕೆ ಡಾಕ್ಟರು ವಾರದಲ್ಲಿ ಕೆಲವು ದಿನ ಮಾತ್ರ ಬರುವವರು. ಕೊಟ್ಟ ತಾರೀಖು ಮುಂದಕ್ಕೆ ಹೋಯಿತು, ಮತ್ತೂ ಹೋಯಿತು. ಚಿಕ್ಕಮ್ಮ ರಕ್ತಸ್ರಾವದಲ್ಲೇ ಗದ್ದೆ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಕೊನೆಗೆ ಆಪರೇಷನ್ ಆಯಿತು. ಚೆನ್ನಾಗೇ ಆಯಿತು. ಒಂದು ರೂಪಾಯಿ ಬಿಲ್ ಇಲ್ಲ.

ಈ ರೆಫರಲ್ ನಿಯಮ ಕಿತ್ತು ಹಾಕಬೇಕು ಅಂತ ಚಿಕ್ಕಮ್ಮನ ಮಗ ಈಗಲೂ ಕೂಗಾಡುತ್ತಾನೆ. ನಾನು ಒಪ್ಪುವುದಿಲ್ಲ. ಚೀಟಿ ಬೇಡ ಅಂದ ದಿನದಿಂದ ಸಣ್ಣ ಆಪರೇಷನ್‌ಗಳೆಲ್ಲ ಖಾಸಗಿಗೆ ಹೋಗುತ್ತವೆ, ಅವುಗಳ ಹಿಂದೆ ದುಡ್ಡೂ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಗೆ ಆ ಅರಿವಳಿಕೆ ಡಾಕ್ಟರು ವಾರಪೂರ್ತಿ ಬರುವ ಕಾಲ ಇನ್ನೂ ದೂರವಾಗುತ್ತದೆ. ಚಿಕ್ಕಮ್ಮನಿಗೆ ಕಾಣದೇ ಹೋದದ್ದು ಒಬ್ಬ ಡಾಕ್ಟರು. ಕಾರ್ಡಿನ ಮೊತ್ತವನ್ನು 10 ಲಕ್ಷ ಮಾಡಿದ್ದರೂ ಆ ತಾರೀಖು ಹಿಂದಕ್ಕೆ ಬರುತ್ತಿರಲಿಲ್ಲ.

ಇನ್ನು ನನ್ನ ಪಾಲಿಸಿ. ಆಸ್ಪತ್ರೆಯ ಬಾಗಿಲಲ್ಲಿ ಇದರಷ್ಟು ಸಲೀಸು ಯಾವುದೂ ಇಲ್ಲ, ಒಪ್ಪಿಕೊಳ್ಳಲೇಬೇಕು. ಪಿತ್ತಕೋಶದ ಕಲ್ಲಿಗೆ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋದೆ. ಯಾರ ಚೀಟಿಯೂ ಬೇಕಾಗಲಿಲ್ಲ, ನನಗೆ ಬೇಕಾದ ಡಾಕ್ಟರು, ಬೇಕಾದ ದಿನ. ಕ್ಯಾಶ್‌ಲೆಸ್ ಒಪ್ಪಿಗೆ ಕೌಂಟರ್ ಮುಂದೆ ಕೂತಿರುವಾಗಲೇ ಬಂತು. ತಲೆನೋವು ಶುರುವಾದದ್ದು ಹೊರಗೆ ಬರುವಾಗ.

ನನ್ನದು 5 ಲಕ್ಷದ ಪಾಲಿಸಿ. ರೂಮ್ ಬಾಡಿಗೆಗೆ ಅದರ 1 ಪರ್ಸೆಂಟ್ ಮಿತಿ, ಅಂದರೆ ದಿನಕ್ಕೆ 5,000. ಆ ದಿನ ಖಾಲಿ ಇದ್ದದ್ದು 8,000ದ ರೂಮು ಮಾತ್ರ ಅಂದರು. ದಿನಕ್ಕೆ ಮೂರು ಸಾವಿರ ತಾನೇ ಅಂತ ಯಾರಿಗಾದರೂ ಅನಿಸುತ್ತದೆ. ಲೆಕ್ಕ ಹಾಗೆ ನಡೆಯುವುದಿಲ್ಲ. ರೂಮ್ ಬಾಡಿಗೆ ಮಿತಿ ದಾಟಿದರೆ ಡಾಕ್ಟರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ನನ್ನದು ಎಂಟರಲ್ಲಿ ಐದು ಪಾಲು. ಈ ಬಾಬ್ತುಗಳೆಲ್ಲ ಸೇರಿ 1,20,000 ಆಗಿತ್ತು. ಕಂಪನಿ ಕೊಟ್ಟದ್ದು 75,000. ಔಷಧಿ, ಸ್ಕ್ಯಾನ್, ಲ್ಯಾಬ್ ಬಿಲ್ಲಿಗೆ ಈ ಕತ್ತರಿ ಹಾಕುವ ಹಾಗಿಲ್ಲ ಅಂತ ನಿಯಮ ಇದೆ, ಪುಣ್ಯ. ಆದರೆ ಗ್ಲೌಸು, ಮಾಸ್ಕು, ಅಡ್ಮಿಷನ್ ಕಿಟ್ಟು ಎಲ್ಲ 'ನಾನ್-ಪೇಯಬಲ್' ಪಟ್ಟಿಗೆ ಬಿದ್ದವು. ಡಿಸ್ಚಾರ್ಜ್ ಕೇಳಿದ ಮೂರು ಗಂಟೆಯೊಳಗೆ ಒಪ್ಪಿಗೆ ಬರಬೇಕು ಅಂತ ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ನಾನು ಆಸ್ಪತ್ರೆ ಸೇರಿದ್ದು ಅದಾದ ಮೇಲೆಯೇ. ಬೆಳಿಗ್ಗೆ ಡಾಕ್ಟರು 'ಹೋಗಬಹುದು' ಅಂದರು, ಹೊರಗೆ ಕಾಲಿಟ್ಟಾಗ ಬೀದಿ ದೀಪ ಹತ್ತಿತ್ತು. ಆಸ್ಪತ್ರೆಯಲ್ಲಿ ವಿಮೆ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಡೆಸ್ಕಿನವರು ವಿಮೆ ಕಂಪನಿ ಕಡೆ ತೋರಿಸಿದರು, ಕಂಪನಿಯವರು ಆಸ್ಪತ್ರೆ ಕಡೆ ತೋರಿಸಿದರು.

ಅಪ್ಪನ ಆಪರೇಷನ್ನಿಗೂ ನನ್ನದಕ್ಕೂ ಇರುವ ನಿಜವಾದ ವ್ಯತ್ಯಾಸ ವಿಮೆಯದ್ದಲ್ಲ, ದರದ್ದು. ಅಪ್ಪನಿಗೆ ಎಷ್ಟು ಹಾಕಬೇಕು ಅಂತ ಸ್ಕೀಮು ಮೊದಲೇ ಗೆರೆ ಎಳೆದಿತ್ತು. ನನಗೆ ಎಷ್ಟು ಹಾಕಬೇಕು ಅಂತ ಆಸ್ಪತ್ರೆಯೇ ತೀರ್ಮಾನಿಸಿತು, ಅದೂ ರೂಮು ನೋಡಿ. ರೂಮು ದೊಡ್ಡದಾದರೆ ಅದೇ ಸರ್ಜನ್ನಿನ ಅದೇ ಕೆಲಸಕ್ಕೆ ಫೀಸು ಜಾಸ್ತಿ! 2017ರಲ್ಲಿ ಕೆಪಿಎಂಇ, ಅಂದರೆ ಖಾಸಗಿ ಆಸ್ಪತ್ರೆಗಳ ಮೇಲಿನ ರಾಜ್ಯದ ಕಾಯ್ದೆ, ಅದರ ತಿದ್ದುಪಡಿ ಗಲಾಟೆ ನೆನಪಿರಬಹುದು. ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರವೇ ನಿಗದಿ ಮಾಡುವ ಮಾತು ಬಂದಾಗ ನವೆಂಬರ್‌ನಲ್ಲಿ ಡಾಕ್ಟರುಗಳು ಮುಷ್ಕರ ಹೂಡಿದರು. ಕೊನೆಗೆ ಬಂದ ಕಾಯ್ದೆಯಲ್ಲಿ ದರ ನಿಗದಿ ಸರ್ಕಾರಿ ಸ್ಕೀಮುಗಳ ಚಿಕಿತ್ಸೆಗೆ ಮಾತ್ರ ಉಳಿಯಿತು. ಉಳಿದವರಿಗೆ ದರಪಟ್ಟಿ ತೂಗುಹಾಕಿದರೆ ಸಾಕು. ಸ್ಕೀಮಿನ ದರ ತೀರಾ ಕಡಿಮೆ, ಅದೂ ತಡವಾಗಿ ಬರುತ್ತದೆ ಅಂತ ಆಸ್ಪತ್ರೆಗಳೂ ದೂರುತ್ತವೆ. ಅದರಲ್ಲಿ ಹುರುಳಿಲ್ಲ ಅನ್ನುವ ಹಾಗಿಲ್ಲ. ಹಾಗಿದ್ದರೆ ಸರಿಯಾದ ದರ ಯಾವುದು ಅಂತ ಕೂತು ಮಾತಾಡಬೇಕು. ಆ ಮಾತು ಬಿಟ್ಟು ಎಲ್ಲರಿಗೂ ಖಾಸಗಿ ವಿಮೆ ಹಂಚಿದರೆ ತಳವಿಲ್ಲದ ಕೊಡಕ್ಕೆ ನೀರು ಹೊಯ್ದ ಹಾಗೆ.

ಕೊನೆಯದು ಇಎಸ್‌ಐ. ಜನ ಮೂಗು ಮುರಿಯುವುದು ಇದಕ್ಕೇ ಜಾಸ್ತಿ. ಡಿಸ್ಪೆನ್ಸರಿಯಲ್ಲಿ ಕ್ಯೂ, ರಾಜಾಜಿನಗರದ ಆಸ್ಪತ್ರೆಯಲ್ಲಿ ಇನ್ನೂ ದೊಡ್ಡ ಕ್ಯೂ, ಹೇಳಿದ ಬ್ರಾಂಡಿನ ಮಾತ್ರೆ ಸಿಗಲ್ಲ, ಎಲ್ಲ ನಿಜ. ಆದರೂ ನಾಲ್ಕರಲ್ಲಿ ಒಂದನ್ನು ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಯಾಕೆಂದರೆ ಅತ್ತೆಗೆ ಸಕ್ಕರೆ ಕಾಯಿಲೆ. ಅವರು ಆಸ್ಪತ್ರೆಯಲ್ಲಿ ಒಂದು ದಿನವೂ ಮಲಗಿದವರಲ್ಲ. ಮಾತ್ರೆ, ರಕ್ತ ಪರೀಕ್ಷೆ, ಡಾಕ್ಟರ ಭೇಟಿ, ಅವರ ಖರ್ಚೆಲ್ಲ ಇಷ್ಟೇ, ಆದರೆ ಸಾಯುವವರೆಗೂ ಇರುವ ಖರ್ಚು. ಯಶಸ್ವಿನಿ, ಆಯುಷ್ಮಾನ್, ನನ್ನ ಪಾಲಿಸಿ, ಮೂರೂ ಎಚ್ಚರವಾಗುವುದು ಮನುಷ್ಯ ಅಡ್ಮಿಟ್ ಆದಾಗ. ದಿನದ ಮಾತ್ರೆ ಕೊಡುವುದು ಇಎಸ್‌ಐ ಒಂದೇ. ಅಪ್ಪನ ಬಿಪಿ ಮಾತ್ರೆಯನ್ನು ನಾವು ಜನೌಷಧಿ ಅಂಗಡಿಯಿಂದ ತರುತ್ತೇವೆ, ಅಲ್ಲಿ ಅಗ್ಗ. ಆದರೂ ದುಡ್ಡು ನಮ್ಮದೇ.

ಇಎಸ್‌ಐ ಲೆಕ್ಕವೂ ಸರಳ. 1948ರ ಕಾಯ್ದೆಯಿಂದ ಬಂದದ್ದು. 2019ರ ಜುಲೈನಿಂದ ಕೆಲಸಗಾರನ ಸಂಬಳದಿಂದ 0.75 ಪರ್ಸೆಂಟ್, ಮಾಲೀಕನಿಂದ 3.25 ಪರ್ಸೆಂಟ್. 20,000 ಸಂಬಳಕ್ಕೆ ಭಾಮೈದನ ಪಾಲು ತಿಂಗಳಿಗೆ 150 ರೂಪಾಯಿ. ಎಷ್ಟು ವಯಸ್ಸು, ಏನು ಕಾಯಿಲೆ ಅಂತ ನೋಡಿ ದರ ಏರಿಸುವುದಿಲ್ಲ. ಅವನಿಗೆ ಕಾಮಾಲೆ ಬಂದು ಮನೆಯಲ್ಲಿ ಮಲಗಿದಾಗ ಸಂಬಳದ 70 ಪರ್ಸೆಂಟ್ ಕೈಗೆ ಬಂತು. ವರ್ಷಕ್ಕೆ 91 ದಿನದವರೆಗೆ ಹಾಗೆ ಕೊಡುತ್ತಾರೆ. ಇದನ್ನು ಮಾರುಕಟ್ಟೆಯ ಯಾವ ಮೆಡಿಕ್ಲೇಮ್ ಕೊಡುತ್ತದೆ?

ಸುಧಾರಣೆ ಅಂದರೆ ಹೊಸ ಕಾರ್ಡು ಅನ್ನುವವರಿಗೆ ನಾನು ತೋರಿಸುವುದು ಅತ್ತೆಯ ಮಾತ್ರೆ ಡಬ್ಬಿ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ 64.2 ಪರ್ಸೆಂಟ್ ಇತ್ತು. 2021-22ರ ಹೊತ್ತಿಗೆ 39.4ಕ್ಕೆ ಇಳಿಯಿತು ಅಂತ ಸರ್ಕಾರದ ಲೆಕ್ಕ. ಇಳಿದದ್ದು ಸಂತೋಷ. ಸರ್ಕಾರದ ಆರೋಗ್ಯ ವೆಚ್ಚವನ್ನು 2025ರೊಳಗೆ ಜಿಡಿಪಿಯ 2.5 ಪರ್ಸೆಂಟಿಗೆ ಒಯ್ಯುತ್ತೇವೆ ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆದುಕೊಂಡಿತ್ತು. ಆ ದುಡ್ಡನ್ನು ನನ್ನ ಕೈಗೆ ಕೊಟ್ಟರೆ ಮೊದಲ ಕಂತು ತಾಲ್ಲೂಕು ಆಸ್ಪತ್ರೆಯ ಅರಿವಳಿಕೆ ಡಾಕ್ಟರಿಗೆ, ಎರಡನೆಯದು ಸಕ್ಕರೆ-ಬಿಪಿ ಮಾತ್ರೆಗೆ. ಪ್ರೀಮಿಯಂಗೆ ಉಳಿದರೆ ನೋಡೋಣ.

ಸದ್ಯಕ್ಕೆ ಏನು ಮಾಡಿದ್ದೇವೆ ಅಂದರೆ, ಅಪ್ಪ-ಅಮ್ಮನ ಯಶಸ್ವಿನಿಯನ್ನು ತಪ್ಪದೆ ರಿನ್ಯೂ ಮಾಡಿಸುತ್ತೇವೆ. ನನ್ನ ಪಾಲಿಸಿಯನ್ನು ರೂಮ್ ಮಿತಿ ಇಲ್ಲದ ಇನ್ನೊಂದಕ್ಕೆ ಪೋರ್ಟ್ ಮಾಡಿಸಿದೆ. ಪ್ರೀಮಿಯಂ ಏರಿತು, ಆದರೆ ಕಾದ ವರ್ಷಗಳು ಜೊತೆಗೇ ಬಂದವು. ಚಿಂತೆ ಇರುವುದು ಭಾಮೈದನದ್ದು. ಇಎಸ್‌ಐ ಸಂಬಳದ ಮಿತಿಯನ್ನು 2017ರಲ್ಲಿ 21,000ಕ್ಕೆ ಏರಿಸಿದ್ದು. ಅವನು ಅದರ ಅಂಚಿನಲ್ಲಿದ್ದಾನೆ. ಸಂಬಳ ಮಿತಿ ದಾಟಿದರೆ, ನಡೆಯುತ್ತಿರುವ ಆರು ತಿಂಗಳ ಕಂತಿನ ಅವಧಿ ಮುಗಿದ ಮೇಲೆ ಕಂತು ಕಟ್ಟುವುದು ನಿಲ್ಲುತ್ತದೆ. ಅದಾಗಿ ಒಂದಷ್ಟು ತಿಂಗಳು ಕಳೆದ ಮೇಲೆ ಸೌಲಭ್ಯವೂ ಹೋಗುತ್ತದೆ, ಅತ್ತೆಯ ಮಾತ್ರೆ ಸಮೇತ. ಸೂಪರ್‌ವೈಸರ್ ಮಾಡ್ತೀವಿ, ಸಂಬಳ ಏರಿಸ್ತೀವಿ ಅಂತ ಫ್ಯಾಕ್ಟರಿಯಲ್ಲಿ ಹೇಳಿದ್ದಾರಂತೆ. 'ಎಷ್ಟು ಏರಿಸ್ತಾರೆ ಅಂತ ಮೊದಲು ಕೇಳ್ತೀನಿ ಭಾವ, ಒಂದು ಸಾವಿರ ಅಂದ್ರೆ ಬೇಡ ಅಂತೀನಿ' ಅಂದ.