ಕಾಲೇಜು ಆಟಗಾರರಿಗೆ ದುಡ್ಡು: ಯಾವ ಕಾಲೇಜು ಆರಿಸಬೇಕು?

ಅಮೆರಿಕದಲ್ಲಿ ಆಡುತ್ತಾ ಓದಲು ಹೊರಟಿದ್ದೀರಾ? 2025ರ ಹೌಸ್ ಒಪ್ಪಂದಕ್ಕೆ (ಕಾಲೇಜು ಆಟಗಾರರು ಹೂಡಿದ್ದ ಮೊಕದ್ದಮೆಯ ರಾಜಿಗೆ) ಸೇರಿದ ಕಾಲೇಜುಗಳು ತಮ್ಮ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಕಾಲೇಜೊಂದಕ್ಕೆ ಸುಮಾರು 2.05 ಕೋಟಿ ಡಾಲರ್. ಇದರಲ್ಲಿ ಜಾಸ್ತಿ ಪಾಲು ಅಮೆರಿಕನ್ ಫುಟ್‌ಬಾಲ್ ಮತ್ತು ಪುರುಷರ ಬಾಸ್ಕೆಟ್‌ಬಾಲ್‌ಗೇ ಹೋಗುತ್ತದೆ. ಟಿವಿ ಹಣ ತರುವವರು ಅವರೇ ಅಲ್ವಾ, ಅವರಿಗೆ ಪಾಲು ಸಿಗಲೇಬೇಕು. ಈಜು, ಟೆನಿಸ್‌ನವರಿಗೆ ಉಳಿಯುವುದು ಕಡಿಮೆ.

ಹಾರ್ವರ್ಡ್, ಯೇಲ್‌ನಂಥ ಎಂಟು ಹಳೆಯ ವಿಶ್ವವಿದ್ಯಾಲಯಗಳ ಗುಂಪಾದ ಐವಿ ಲೀಗ್ ಈ ಒಪ್ಪಂದಕ್ಕೆ ಸೇರಿಲ್ಲ. ಅಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಕೂಡ ಇಲ್ಲ. ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ಜಾಹೀರಾತಿನಿಂದ ಗಳಿಸಲು 2021ರಿಂದ ಎರಡೂ ಕಡೆ ಅವಕಾಶವಿದೆ.

ಟೆನಿಸ್ ಆಡುವವರು ಪದವಿ ನೋಡಿಯೇ ಕಾಲೇಜು ಆರಿಸಿ ಎನ್ನುತ್ತೇನೆ. ಎಫ್-1 ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ ಕೆಲಸದ ನಿಯಮ ತುಂಬಾ ಬಿಗಿ. ಯಾವ ಕರಾರಿಗಾದರೂ ಸಹಿ ಹಾಕುವ ಮೊದಲು ವೀಸಾ ವಕೀಲರನ್ನು ಕೇಳಿ.